ಏಣಿ ಜಾರಿ ಅಮ್ಮನ ವೀಣೆ ಒಡೆಯಿತು: ಬಾಕಿ ಹಣದಲ್ಲಿ ಮುರಿದುಕೊಳ್ಳಬಹುದೇ?

ಪಡಸಾಲೆ
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದು 1986ರಲ್ಲಿ ಕಟ್ಟಿದ ಮನೆ. ಎರಡು ಮಳೆಗಾಲದಿಂದ ತಾರಸಿ ಸೋರುತ್ತಿತ್ತು. ನಡುಮನೆಯ ಸೂರಿನಲ್ಲಿ ಗಾರೆ ಉಬ್ಬಿ ಉದುರಿ, ತುಕ್ಕು ಹಿಡಿದ ಕಂಬಿ ಕಾಣುತ್ತಿತ್ತು. ಪರಿಚಯದವರ ಮೂಲಕ ಬಂದ ಗುತ್ತಿಗೆದಾರರೊಬ್ಬರಿಗೆ ಸಾಮಾನು, ಕೂಲಿ ಎರಡೂ ಸೇರಿ 62,000 ರೂಪಾಯಿಗೆ ಕೆಲಸ ಒಪ್ಪಿಸಿದೆವು. 40,000 ಕೊಟ್ಟಿದ್ದೇವೆ, 22,000 ಬಾಕಿ ಇದೆ. ಇನ್ನೂ ಎರಡು ದಿನದ ಕೆಲಸ ಉಳಿದಿದೆ.

ನಿನ್ನೆ ಮಧ್ಯಾಹ್ನ ಗಾರೆ ಕೆತ್ತುತ್ತಿದ್ದ ಹುಡುಗನ ಏಣಿ ಜಾರಿ, ದಿವಾನದ ಮೇಲೆ ಮಲಗಿಸಿ ಕಂಬಳಿ ಹೊದಿಸಿಟ್ಟಿದ್ದ ಅಮ್ಮನ ವೀಣೆಯ ಮೇಲೆ ಬಿದ್ದಿತು. ಸೋರೆ ಬುರುಡೆ ಹೋಳಾಗಿದೆ, ನಾದ ಹೊಮ್ಮುವ ದೊಡ್ಡ ಕೊಡದಲ್ಲಿ ಗೇಣುದ್ದ ಬಿರುಕು ಬಿಟ್ಟಿದೆ, ಬೆರಳು ಒತ್ತಿ ಸ್ವರ ನುಡಿಸುವ ಆರೇಳು ಮೆಟ್ಟಿಲು ಮೇಣದಿಂದ ಕಿತ್ತು ಬಂದಿವೆ. ಮದುವೆಯ ವರ್ಷ, 1974ರಲ್ಲಿ, ತಾತ ಅಮ್ಮನಿಗೆ ಕೊಡಿಸಿದ ವೀಣೆ ಅದು. ಅಮ್ಮ ಒಂದು ಮಾತೂ ಆಡಲಿಲ್ಲ. ಹೋಳುಗಳನ್ನು ಆರಿಸಿ ಒಂದು ಮೊರದಲ್ಲಿ ತುಂಬಿಸಿಟ್ಟರು. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಗುತ್ತಿಗೆದಾರರು ಸಂಜೆ ಬಂದು ನೋಡಿದರು. "ಇದು ಆಕಸ್ಮಿಕ, ಯಾರೂ ಬೇಕೆಂದು ಮಾಡಿದ್ದಲ್ಲ. ನೆಲಕ್ಕೆ ಪ್ಲಾಸ್ಟಿಕ್ ಹಾಸಿದವರು ನೀವು, ಅದರಿಂದಲೇ ಏಣಿ ಜಾರಿದ್ದು. ಹುಡುಗನ ಕೂಲಿಯಲ್ಲಿ ಎರಡು ಸಾವಿರ ಮುರಿದು ಕೊಡಿಸುತ್ತೇನೆ" ಎಂದರು. ಪ್ಲಾಸ್ಟಿಕ್ ಹಾಸಿದ್ದು ನಾವೇ ಎಂಬುದು ನಿಜ. ಆದರೆ ವೀಣೆಯನ್ನು ಒಳಕೋಣೆಗೆ ಸಾಗಿಸಲು ಹೊರಟ ಅಮ್ಮನನ್ನು "ಆ ಮೂಲೆಗೆ ಈ ದಿನ ಕೈ ಹಾಕುವುದಿಲ್ಲ, ಇರಲಿ ಬಿಡಿ ಅಮ್ಮ" ಎಂದು ತಡೆದವರು ಅವರೇ.

ಬಾಕಿ ಹಣದಲ್ಲಿ ಮುರಿದುಕೊಳ್ಳಬಹುದೇ? ಎಷ್ಟು ಮುರಿಯುವುದು ನ್ಯಾಯ? ಉಳಿದ ಕೆಲಸ ಅರ್ಧಕ್ಕೆ ನಿಂತರೆ ಏನು ಮಾಡುವುದು? ಹೀಗೆ ಆದವರು ದಯವಿಟ್ಟು ಹೇಳಿ.

ನೇರನುಡಿ
22,000ದಲ್ಲಿ ಒಂದು ಪೈಸೆಯನ್ನೂ ಕೊಡಬೇಡಿ. ಠಾಣೆಗೆ ಹೋಗಿ ದೂರು ಕೊಡಿ. ಪೊಲೀಸರು ಕರೆಸಿದರೆ ಎಲ್ಲ ತಾನೇ ಸರಿಹೋಗುತ್ತದೆ.

ತಂತಿನಾದ
ವೀಣೆ ಕಲಿಸುವವಳಾಗಿ ಮೊದಲು ಒಂದು ಮಾತು. ದಯವಿಟ್ಟು ಫೆವಿಕಾಲ್, ಫೆವಿಕ್ವಿಕ್ ಯಾವುದನ್ನೂ ಹಚ್ಚಬೇಡಿ. ಮನೆಯಲ್ಲಿ ಯಾರಾದರೂ "ಅಂಟಿಸಿಬಿಡೋಣ" ಎಂದು ಕೈ ಹಾಕುವ ಮೊದಲೇ ತಡೆಯಿರಿ. ತಂತಿಗಳು ಬಿಗಿಯಾಗಿ ಇದ್ದರೆ ಬಿರಡೆ ತಿರುಗಿಸಿ ಎಲ್ಲ ಏಳನ್ನೂ ನಿಧಾನವಾಗಿ ಸಡಿಲಿಸಿ. ಕೊಡದಲ್ಲಿ ಬಿರುಕು ಬಿಟ್ಟಿರುವಾಗ ತಂತಿಯ ಎಳೆತ ಇದ್ದರೆ ಬಿರುಕು ಉದ್ದವಾಗುತ್ತದೆ. ಇದನ್ನು ಈಗಲೇ ಮಾಡಿ, ಉಳಿದದ್ದನ್ನು ಆಮೇಲೆ ಓದಿ.

ಪಡಸಾಲೆ
ತುಂಬಾ ಉಪಕಾರವಾಯಿತು ಮೇಡಂ. ಅಮ್ಮನಿಗೆ ಹೇಳಿದೆ. ನಿನ್ನೆ ರಾತ್ರಿಯೇ ಸಡಿಲಿಸಿದ್ದಾರಂತೆ.

ಶನಿವಾರಸಂತೆಯವಳು
ಹುಡುಗ ಹೇಗಿದ್ದಾನೆ? ಏಣಿ ಜಾರಿತು ಎಂದರೆ ಅವನೂ ಬಿದ್ದನಲ್ಲವೇ? ಅದನ್ನು ಯಾರೂ ಕೇಳಲಿಲ್ಲ.

ಪಡಸಾಲೆ
ಕೇಳಿದ್ದು ಒಳ್ಳೆಯದಾಯಿತು. ಮೊಣಕೈ ತರಚಿತ್ತು, ಸೊಂಟಕ್ಕೆ ಪೆಟ್ಟಾಗಿತ್ತು. ಪಕ್ಕದ ಬೀದಿಯ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋಗಿ ಟಿಟಿ ಚುಚ್ಚುಮದ್ದು ಹಾಕಿಸಿದೆ. ಮೂಳೆಗೆ ಏನೂ ಆಗಿಲ್ಲ ಎಂದರು. ಹತ್ತೊಂಬತ್ತು ವರ್ಷದವನು, ರಾಯಚೂರಿನ ಕಡೆಯವನು. ನಡುಗುತ್ತಾ ಕುಳಿತಿದ್ದ. ಅಮ್ಮನೇ ಅವನಿಗೆ ಕಾಫಿ ಮಾಡಿಕೊಟ್ಟರು.

ಕಪ್ಪುಕೋಟು
ನೇರನುಡಿಯವರ ಸಲಹೆಯನ್ನು ಮೊದಲು ಬದಿಗಿಡೋಣ. ಕೈತಪ್ಪಿ ವಸ್ತು ಒಡೆದರೆ ಅದು ಅಪರಾಧವಲ್ಲ. ಹಾನಿ ಮಾಡುವ ಉದ್ದೇಶ, ಇಲ್ಲವೇ ಹಾನಿಯಾಗಬಹುದು ಎಂಬ ಅರಿವು ಇದ್ದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್ನಿನ ಮಾತು ಬರುತ್ತದೆ. ಇಲ್ಲಿ ಎರಡೂ ಇಲ್ಲ. ಇದು ಸಿವಿಲ್ ವಿಷಯ, ಸೇವೆಯಲ್ಲಿನ ನ್ಯೂನತೆಯ ವಿಷಯ.

ಗುತ್ತಿಗೆದಾರರ "ಆಕಸ್ಮಿಕ" ಎಂಬ ಮಾತಿಗೂ ಅಷ್ಟೇ ಬೆಲೆ. ಆಕಸ್ಮಿಕ ಎಂದರೆ ಬೇಕೆಂದು ಮಾಡಿಲ್ಲ ಎಂದಷ್ಟೇ ಅರ್ಥ, ಹೊಣೆಯಿಲ್ಲ ಎಂದಲ್ಲ. ಎಚ್ಚರದಿಂದ ಕೆಲಸ ಮಾಡುವ ಹೊಣೆ ಅವರದು. ಅವರ ಕೆಲಸಗಾರ ಕೆಲಸದ ನಡುವೆ ಮಾಡಿದ ಹಾನಿಗೆ ಅವರೇ ಉತ್ತರ ಹೇಳಬೇಕು. ಹುಡುಗನ ಕಡೆ ಬೆರಳು ತೋರಿಸಿ ಜಾರಿಕೊಳ್ಳಲು ಬರುವುದಿಲ್ಲ. ನೀವು ಒಪ್ಪಂದ ಮಾಡಿಕೊಂಡದ್ದು ಗುತ್ತಿಗೆದಾರರ ಜೊತೆಗೆ.

ಈ ದಿನವೇ ಮಾಡಬೇಕಾದದ್ದು: ಒಡೆದ ವೀಣೆ, ಬಿದ್ದ ಏಣಿ, ನೆಲದ ಪ್ಲಾಸ್ಟಿಕ್ ಎಲ್ಲದರ ಫೋಟೋ ತೆಗೆದು ಮೂಲ ಫೈಲನ್ನು ಮೊಬೈಲಿನಲ್ಲಿಯೇ ಉಳಿಸಿಕೊಳ್ಳಿ. ಏನಾಯಿತು, ಎಷ್ಟು ಗಂಟೆಗೆ, ಯಾರು ಇದ್ದರು ಎಂದು ನಾಲ್ಕು ಸಾಲು ಬರೆದು ಗುತ್ತಿಗೆದಾರರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ. ಬೈಗುಳ ಬೇಡ, ಬೆದರಿಕೆ ಬೇಡ. ಅವರು "ಎರಡು ಸಾವಿರ ಕೊಡಿಸುತ್ತೇನೆ" ಎಂದು ಬರಹದಲ್ಲಿ ಉತ್ತರಿಸಿದರೂ ಸಾಕು, ಘಟನೆ ನಡೆದದ್ದನ್ನು ಒಪ್ಪಿದಂತಾಯಿತು. ವೀಣೆ ದುರಸ್ತಿ ಮಾಡುವವರಿಂದ ಅಂದಾಜು ವೆಚ್ಚವನ್ನು ಬರಹದಲ್ಲಿ ತೆಗೆದುಕೊಳ್ಳಿ. ಅದು ಕೈಗೆ ಬರುವವರೆಗೆ ಯಾವ ಅಂಕಿಯನ್ನೂ ಬಾಯಿಬಿಟ್ಟು ಹೇಳಬೇಡಿ.

ಗಾರೆಕೈ
ನಾನು ಹಾಸನದ ಕಡೆಯ ಮೇಸ್ತ್ರಿ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಎರಡು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೋಣೆ ಖಾಲಿ ಮಾಡಿ ಕೊಡಿ ಎಂದು ನಾವು ಪ್ರತಿ ಮನೆಯಲ್ಲಿಯೂ ಹೇಳುತ್ತೇವೆ. ಹತ್ತರಲ್ಲಿ ಎಂಟು ಮನೆಯವರು ಖಾಲಿ ಮಾಡುವುದಿಲ್ಲ. ದೇವರ ಫೋಟೋ, ಟಿ.ವಿ., ಮಗುವಿನ ತೊಟ್ಟಿಲು ಎಲ್ಲವೂ ಅಲ್ಲಿಯೇ ಇರುತ್ತವೆ. ಸೂರಿನ ಗಾರೆ ಕೆತ್ತುವಾಗ ಹೆಂಚಿನಷ್ಟು ಅಗಲದ ಚಕ್ಕೆ ಬೀಳುತ್ತದೆ. ಕಂಬಳಿ ಹೊದಿಸಿದರೆ ಏನೂ ಆಗುವುದಿಲ್ಲ ಎಂದುಕೊಂಡರೆ ಹೇಗೆ? 62,000ದ ಕೆಲಸದಲ್ಲಿ ಸಿಮೆಂಟು, ಮರಳು, ರಾಸಾಯನಿಕ, ಕೂಲಿ, ಗಾಡಿ ಬಾಡಿಗೆ ಕಳೆದರೆ ಮೇಸ್ತ್ರಿಯ ಕೈಯಲ್ಲಿ ಉಳಿಯುವುದು ಎಂಟೋ ಹತ್ತೋ ಸಾವಿರ. ವೀಣೆಗೆ ಇಪ್ಪತ್ತು ಸಾವಿರ ಕೇಳಿದರೆ ಅವನು ಮನೆಯಿಂದ ತಂದು ಕೊಡಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. "ಇರಲಿ ಬಿಡಿ ಅಮ್ಮ" ಎಂದವನು ಅವನೇ ಆಗಿದ್ದರೆ ತಪ್ಪು ಅವನದು. ಹಾಗೆ ಹೇಳಬಾರದು. ಎತ್ತಿಡಲು ಹೊರಟವರನ್ನು ತಡೆದ ಮೇಲೆ ಅದರ ಜವಾಬ್ದಾರಿ ನಮ್ಮ ತಲೆಯ ಮೇಲೆ ಬರುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಏಣಿ ನಿಲ್ಲಿಸಿದ್ದೂ ತಪ್ಪು. ಮನೆಯವರಿಗೆ ಅದು ತಿಳಿಯದಿರಬಹುದು, ನಮಗೆ ತಿಳಿದಿರಬೇಕು. ಏಣಿಯ ಕಾಲಿನ ಕೆಳಗೆ ಗೋಣಿಚೀಲ ಮಡಚಿ ಹಾಕಬೇಕು, ಕೆಳಗೆ ಒಬ್ಬನನ್ನು ಹಿಡಿದುಕೊಳ್ಳಲು ನಿಲ್ಲಿಸಬೇಕು. ಸೂರಿನ ಕೆಲಸಕ್ಕೆ ಏಣಿಗಿಂತ ಎರಡು ಕುದುರೆಯ (ನಾಲ್ಕು ಕಾಲಿನ ಸ್ಟ್ಯಾಂಡಿನ) ಮೇಲೆ ಹಲಗೆ ಹಾಕಿಕೊಂಡು ನಿಂತರೆ ಒಳ್ಳೆಯದು.

ನೇರನುಡಿ
ಮೇಸ್ತ್ರಿಗಳೇ, ಲಾಭ ಕಡಿಮೆ ಎಂಬುದು ಮನೆಯವರ ತಪ್ಪೇ? ಲಾಭ ಬಂದರೆ ನಿಮ್ಮದು, ನಷ್ಟವಾದರೆ ನಮ್ಮದು ಎಂದರೆ ಒಪ್ಪಲಾಗದು.

ಗಾರೆಕೈ
ನಮ್ಮದಲ್ಲ ಎಂದು ನಾನು ಎಲ್ಲಿ ಹೇಳಿದೆ? ಪೂರ್ತಿ ಓದಿ.

ಶನಿವಾರಸಂತೆಯವಳು
ನನ್ನ ಅಪ್ಪ ಗಾರೆ ಕೆಲಸ ಮಾಡಿ ನಮ್ಮನ್ನು ಓದಿಸಿದವರು. ಶನಿವಾರದ ಬಟವಾಡೆ ಎಂದರೆ ಏನು ಎಂದು ನನಗೆ ಗೊತ್ತು. ಸಂತೆಯ ದಿನ ಅಪ್ಪ ಬರುವ ದಾರಿಯನ್ನೇ ಕಾಯುತ್ತಿದ್ದೆವು. ಒಮ್ಮೆ ಒಂದು ಮನೆಯಲ್ಲಿ ಕಿಟಕಿಯ ಗಾಜು ಒಡೆಯಿತು. ಒಡೆದದ್ದು ಯಾರು ಎಂದು ಯಾರೂ ನೋಡಿರಲಿಲ್ಲ, ಹತ್ತಿರ ಇದ್ದವರು ಅಪ್ಪ ಎಂದು ಮೂರು ದಿನದ ಕೂಲಿ ಹಿಡಿದರು. ಆ ವಾರ ಅಂಗಡಿಯವರು ಸಾಲಕ್ಕೆ ಅಕ್ಕಿ ಕೊಟ್ಟದ್ದನ್ನು ಮರೆತಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ: ಆ ಎರಡು ಸಾವಿರವನ್ನು ಮುಟ್ಟಬೇಡಿ. ಅದು ಗುತ್ತಿಗೆದಾರ ಕೊಡುತ್ತಿರುವ ಹಣವಲ್ಲ, ಹುಡುಗನ ಹೊಟ್ಟೆಯದು. ಜಾರುವ ಜಾಗದಲ್ಲಿ ಏಣಿ ಹತ್ತು ಎಂದು ಅವನಿಗೆ ಹೇಳಿದವರು ಯಾರು?

ಕಪ್ಪುಕೋಟು
ಅಕ್ಕ ಹೇಳಿದ್ದಕ್ಕೆ ಕಾನೂನಿನ ಬಲವೂ ಇದೆ. ಹಾನಿಯ ಹೆಸರಿನಲ್ಲಿ ಕೂಲಿ ಮುರಿಯಬೇಕಾದರೆ ಅದು ಕೆಲಸಗಾರನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವನಿಗೆ ತನ್ನ ಮಾತು ಹೇಳಲು ಅವಕಾಶ ಕೊಟ್ಟಿರಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲಿಯೇ ಇದು ಇತ್ತು, 2019ರ ವೇತನ ಸಂಹಿತೆಯಲ್ಲಿಯೂ ಉಳಿದಿದೆ. ಸಂಜೆ ಜಗಲಿಯ ಮೇಲೆ ನಿಂತು "ಇವನ ಕೂಲಿಯಲ್ಲಿ ಮುರಿಯುತ್ತೇನೆ" ಎನ್ನುವುದು ಆ ರೀತಿಯ ವಿಚಾರಣೆಯಲ್ಲ.

ಮೂರುಫೇಸ್
ನನ್ನ ಅನುಭವ ಬೇರೆ ತರಹದ್ದು. ಹುಬ್ಬಳ್ಳಿಯಲ್ಲಿ ನಮ್ಮ ಮನೆಗೆ ತ್ರೀ ಫೇಸ್ ಸಂಪರ್ಕ ಇದೆ. ಅಡುಗೆಮನೆ ನವೀಕರಣಕ್ಕೆ ಬಂದ ಎಲೆಕ್ಟ್ರಿಷಿಯನ್ ಡಿಸ್ಟ್ರಿಬ್ಯೂಷನ್ ಬಾಕ್ಸಿನಲ್ಲಿ ನ್ಯೂಟ್ರಲ್ ತಂತಿಯನ್ನು (ವಿದ್ಯುತ್ ಮರಳಿ ಹೋಗುವ ತಂತಿ) ಸರಿಯಾಗಿ ಬಿಗಿ ಮಾಡದೆ ಹೋದರು. ಅದೇ ರಾತ್ರಿ ದೀಪಗಳು ಕೆಲವು ಮಂಕಾದವು, ಕೆಲವು ಕಣ್ಣು ಕೋರೈಸುವಷ್ಟು ಉರಿದವು. ಐದು ನಿಮಿಷದಲ್ಲಿ ಫ್ರಿಜ್, ಟಿ.ವಿ., ವೈಫೈ ಪೆಟ್ಟಿಗೆ, ನೀರು ಶೋಧಕ ಎಲ್ಲ ಸುಟ್ಟವು. ನ್ಯೂಟ್ರಲ್ ಬಿಟ್ಟುಹೋದರೆ 230 ವೋಲ್ಟ್ ಬರಬೇಕಾದ ಕಡೆ 400ರ ಹತ್ತಿರದವರೆಗೂ ಏರಬಹುದು. ದೀಪ ಒಂದು ಕಡೆ ಮಂಕು, ಇನ್ನೊಂದು ಕಡೆ ಪ್ರಖರ ಎಂದು ಕಂಡ ಕೂಡಲೇ ಮೇನ್ ಸ್ವಿಚ್ ಆರಿಸಿಬಿಡಿ. ಇದನ್ನು ಮನೆಯ ಮಕ್ಕಳಿಗೂ ಹೇಳಿಕೊಡಿ.

ಆ ಎಲೆಕ್ಟ್ರಿಷಿಯನ್ "ವಿದ್ಯುತ್ ಕಂಪನಿಯ ತಪ್ಪು" ಎಂದರು. ನಾನು ಪೆಟ್ಟಿಗೆಯನ್ನು ಮುಟ್ಟದೆ, ಸಡಿಲವಾದ ತಂತಿಯ ವಿಡಿಯೋ ಮಾಡಿ, ಬೇರೊಬ್ಬ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಬರಹದಲ್ಲಿ ವರದಿ ತೆಗೆದುಕೊಂಡೆ. ಫ್ರಿಜ್ಜಿನ ಸರ್ವಿಸ್ ಸೆಂಟರಿನವರ ಕಾಗದದಲ್ಲಿಯೂ "ಅಧಿಕ ವೋಲ್ಟೇಜ್" ಎಂದು ಬರೆಸಿಕೊಂಡೆ. ಆ ಎರಡು ಕಾಗದ ತೋರಿಸಿದ ಮೇಲೆ ವಾದ ನಿಂತಿತು. ನಾಲ್ಕು ಕಂತಿನಲ್ಲಿ ಮುಕ್ಕಾಲು ಪಾಲು ಕೊಟ್ಟರು. ಈಗಲೂ ನಮ್ಮ ಮನೆಗೆ ಅವರೇ ಬರುತ್ತಾರೆ.

ಎರಡನೇಮಹಡಿ
ಅದೇ ವ್ಯಕ್ತಿಯನ್ನು ಮತ್ತೆ ಕರೆದಿರಾ!

ಮೂರುಫೇಸ್
ತಪ್ಪು ಮಾಡಿ ಹೊಣೆ ಹೊತ್ತವನನ್ನು ಬಿಟ್ಟು, ಯಾವ ತಪ್ಪು ಮಾಡುತ್ತಾನೋ ತಿಳಿಯದವನನ್ನು ಏಕೆ ಕರೆಯಲಿ? ಈಗ ಅವರು ಪ್ರತಿ ಸ್ಕ್ರೂವನ್ನೂ ಎರಡು ಬಾರಿ ಬಿಗಿ ಮಾಡುತ್ತಾರೆ.

ಕೆಂಪುನೆಲ
ವೀಣೆಯ ಮಾತಿನ ನಡುವೆ ನನ್ನ ನೆಲದ ದುಃಖ. ಅರಸೀಕೆರೆಯಲ್ಲಿ ಅಜ್ಜನ ಮನೆ, ಕೆಂಪು ಗಾರೆಯ ನೆಲ, ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕದ ಸ್ನಾನದ ಮನೆಗೆ ಟೈಲ್ಸ್ ಹಾಕಿದವರು ಸಿಮೆಂಟಿನ ಕಲೆ ತೆಗೆಯಲು ಆಸಿಡ್ ಸುರಿದು ತೊಳೆದರು. ಆ ನೀರು ಹೊಸ್ತಿಲು ದಾಟಿ ನಡುಮನೆಗೆ ಹರಿಯಿತು. ಹರಿದಷ್ಟು ಜಾಗ ಬಿಳಿಚಿಕೊಂಡಿದೆ. ಎಷ್ಟು ಮೇಣ ಉಜ್ಜಿದರೂ ಹೊಳಪು ಬರಲಿಲ್ಲ. ಆ ಕೆಲಸ ಬಲ್ಲವರು ಊರಿನಲ್ಲಿ ಈಗ ಯಾರೂ ಇಲ್ಲ. ಹಣ ಕೊಡುತ್ತೇನೆ ಎಂದರೂ ಏನು ಮಾಡಲಿ?

ಬೀಟೆಮರ
ಮಾರ್ಬಲ್ ನೆಲದವರೂ ಇದನ್ನು ನೆನಪಿಡಬೇಕು. ಮಾರ್ಬಲ್ ಸುಣ್ಣದ ಜಾತಿಯ ಕಲ್ಲು, ಆಸಿಡ್ ಬಿದ್ದರೆ ನೊರೆ ಬಂದು ಹೊಳಪು ಹೋಗುತ್ತದೆ. ಸ್ಟೀಲ್ ನಲ್ಲಿಗಳೂ ಕಪ್ಪಾಗುತ್ತವೆ. ಸಿಮೆಂಟ್ ಹನಿ ಬಿದ್ದಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಸಿಡ್ ಬೇಕಾಗುವುದೇ ಇಲ್ಲ. ಕೆಲಸ ಮುಗಿಸಿ ಹೊರಡುವ ಆತುರದಲ್ಲಿ ಆಸಿಡ್ ಬಾಟಲಿ ತೆಗೆಯುತ್ತಾರೆ.

ನಾನು ಮರಗೆಲಸದವನು. ನಮ್ಮಿಂದಲೂ ಹಾನಿಯಾಗುತ್ತದೆ. ಬೀಟೆಮರದ ಹಳೆಯ ಕಪಾಟೊಂದನ್ನು ಸಾಗಿಸುವಾಗ ಅದರ ಕನ್ನಡಿ ಒಡೆಯಿತು. ಒಡೆದ ಕೂಡಲೇ ಮನೆಯ ಯಜಮಾನರನ್ನು ಕರೆದು ತೋರಿಸಿದೆ, ಹೊಸ ಕನ್ನಡಿ ಹಾಕಿಸಿದೆ. ಅಂಚಿನ ಕೆತ್ತನೆ ಇದ್ದ ಹಳೆಯ ಗಾಜಿಗೆ ಅದು ಸಮನಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಮುಚ್ಚಿಟ್ಟು ಹೋಗಿದ್ದರೆ ಅವರ ಮುಖವನ್ನು ಮತ್ತೆ ನೋಡಲು ಆಗುತ್ತಿರಲಿಲ್ಲ.

ಹಂಚಿನಮನೆ
ಶಿರಸಿ ಕಡೆಯ ಒಂದು ಮಾತು. ಮಳೆಗಾಲಕ್ಕೆ ಮೊದಲು ಹಂಚು ತಿರುವಿ ಹಾಕಿಸುತ್ತೇವೆ. ಆಳು ಮೇಲೆ ಹತ್ತಿದರೆ ಹತ್ತಿಪ್ಪತ್ತು ಹಂಚು ಒಡೆದೇ ಒಡೆಯುತ್ತದೆ. ಅದಕ್ಕೆ ಯಾರೂ ಜಗಳ ಆಡುವುದಿಲ್ಲ. ಕೊಟ್ಟಿಗೆಯಲ್ಲಿ ಮೊದಲೇ ಐವತ್ತು ಹಂಚು ಪೇರಿಸಿ ಇಟ್ಟಿರುತ್ತೇವೆ. ಆದರೆ ಒಡೆದ ಹಂಚು ಉಪ್ಪರಿಗೆಯಲ್ಲಿಟ್ಟಿದ್ದ ಉಪ್ಪಿನಕಾಯಿ ಭರಣಿಯ ಮೇಲೆ ಬಿದ್ದರೆ ಅದು ಬೇರೆ ವಿಷಯ. ಕೆಲಸದಲ್ಲಿ ತಪ್ಪಿಸಲಾಗದ ಸವೆತ ಒಂದು, ಎಚ್ಚರ ತಪ್ಪಿ ಆಗುವ ನಷ್ಟ ಇನ್ನೊಂದು. ಗಾರೆ ಕೆತ್ತುವಾಗ ಗೋಡೆಯ ಬಣ್ಣ ಕೆಟ್ಟರೆ ಕೇಳಬಾರದು. ವೀಣೆ ಒಡೆದರೆ ಕೇಳಲೇಬೇಕು.

ಸಾಗರದಾಚೆ
ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಗುತ್ತಿಗೆದಾರರಿಗೆ ರಾಜ್ಯದ ಪರವಾನಗಿ ಬೇಕು, 25,000 ಡಾಲರ್ ಬಾಂಡ್ (ಖಾತರಿ ಪತ್ರ) ಇಟ್ಟಿರಬೇಕು. ಮನೆ ದುರಸ್ತಿಗೆ ಮುಂಗಡವಾಗಿ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹೊಣೆಗಾರಿಕೆ ವಿಮೆ, ಅಂದರೆ ಬೇರೆಯವರಿಗೆ ಮಾಡಿದ ಹಾನಿಯನ್ನು ತುಂಬಿಕೊಡುವ ವಿಮೆ, ಇದ್ದವರು ಅದರ ಪ್ರಮಾಣಪತ್ರವನ್ನು ಮೊದಲೇ ತೋರಿಸುತ್ತಾರೆ. ನಮ್ಮಲ್ಲಿಯೂ ಹೀಗೆ ಆಗಬೇಕು.

ಗಾರೆಕೈ
ಸರ್, ನಮ್ಮ ಕಡೆ ಮೇಸ್ತ್ರಿಯ ಬಳಿ ಇರುವುದು ಒಂದು ದ್ವಿಚಕ್ರ ವಾಹನ, ಒಂದು ಮೊಬೈಲ್, ನಾಲ್ಕು ಕರಣೆ. ಅಂಥ ವಿಮೆ ಇದೆ ಎಂದು ನಮಗೆ ಹೇಳಿದವರೂ ಇಲ್ಲ. ಎಲ್ಲಿ ಸಿಗುತ್ತದೆ, ವರ್ಷಕ್ಕೆ ಎಷ್ಟು ಎಂದು ತಿಳಿದವರು ತಿಳಿಸಿದರೆ ನಾನೇ ಮೊದಲು ಮಾಡಿಸುತ್ತೇನೆ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಕಪ್ಪುಕೋಟು
ಮೇಸ್ತ್ರಿಗಳೇ, ಸಾಮಾನ್ಯ ವಿಮಾ ಕಂಪನಿಗಳಲ್ಲಿ ಸಾರ್ವಜನಿಕ ಹೊಣೆಗಾರಿಕೆ, ಗುತ್ತಿಗೆದಾರರ ಪಾಲಿಸಿ ಎಂದು ಕೇಳಿ. ಹುಡುಗರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ ಮಾಡಿಸಿದ್ದೀರಾ? ಅಪಘಾತಕ್ಕೆ ಅಲ್ಲಿಂದ ನೆರವು ಸಿಗುತ್ತದೆ.

ಗಾರೆಕೈ
ಆರು ಜನರಲ್ಲಿ ನಾಲ್ವರದು ಆಗಿದೆ.

ಎರಡನೇಮಹಡಿ
ಮನೆಯವರ ವಿಮೆಯ ಬಗ್ಗೆಯೂ ಹೇಳುತ್ತೇನೆ. 2021ರ ಏಪ್ರಿಲ್ 1ರಿಂದ "ಭಾರತ್ ಗೃಹ ರಕ್ಷಾ" ಎಂಬ ಒಂದೇ ಮಾದರಿಯ ಪಾಲಿಸಿ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಸಿಗುತ್ತದೆ. ಕಟ್ಟಡಕ್ಕೂ ಮನೆಯೊಳಗಿನ ಸಾಮಾನಿಗೂ ಮಾಡಿಸಬಹುದು. ನೀರಿನ ಟ್ಯಾಂಕ್, ಪೈಪ್ ಒಡೆದು ಅಥವಾ ತುಂಬಿ ಹರಿದು ಆಗುವ ಹಾನಿ ಅದರ ಪಟ್ಟಿಯಲ್ಲಿದೆ. ಬೆಂಗಳೂರಿನಲ್ಲಿ ನಮ್ಮ ಮೇಲಿನ ಮನೆಯವರ ಸ್ನಾನದ ಮನೆಯ ಕೆಲಸದಲ್ಲಿ ಪೈಪ್ ಒಡೆದು, ನಮ್ಮ ಪುಸ್ತಕದ ಕಪಾಟು ಪೂರ್ತಿ ನೆನೆದಾಗ ಇದು ಉಪಯೋಗಕ್ಕೆ ಬಂತು. ಅದಕ್ಕೆ ಮೊದಲು ಮೂರು ವಾರ ನಾನು ಪ್ಲಂಬರನ ಹಿಂದೆ ಅಲೆದೆ. ಅವನು ಮೇಲಿನವರನ್ನು ಕೇಳಿ ಎಂದ, ಮೇಲಿನವರು ಅವನನ್ನು ಕೇಳಿ ಎಂದರು. ಕೊನೆಗೆ ಸಂಘದ ಕಾರ್ಯದರ್ಶಿ "ಪ್ಲಂಬರನನ್ನು ಕರೆಸಿದವರು ಮೇಲಿನ ಮನೆಯವರು. ನೀವು ಅವರ ಜೊತೆ ಮಾತಾಡಿ, ಅವರು ಪ್ಲಂಬರನ ಜೊತೆ ಮಾತಾಡಲಿ" ಎಂದು ದಾರಿ ತೋರಿಸಿದರು.

ಕೆಂಪುನೆಲ
ಪುಸ್ತಕಗಳು ಉಳಿದವೇ?

ಎರಡನೇಮಹಡಿ
ಅರ್ಧದಷ್ಟು. ಪುಟಗಳ ನಡುವೆ ಬಿಳಿ ಕಾಗದ ಇಟ್ಟು ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿಸಿದೆವು. ಬಿಸಿಲಿಗೆ ಹಾಕಿದವು ಸೊಟ್ಟಗಾದವು, ಹಾಗೆ ಮಾಡಬೇಡಿ.

ನೇರನುಡಿ
ಎಲ್ಲರೂ ಕಾಗದ, ವರದಿ, ವಿಮೆ ಎನ್ನುತ್ತಿದ್ದೀರಿ. ಹಣ ಕೈಯಲ್ಲಿರುವುದು ಮನೆಯವರ ಬಳಿ. ಅದನ್ನು ಹಿಡಿದಿಟ್ಟುಕೊಂಡರೆ ಮುಗಿಯಿತು. ಬಿಟ್ಟರೆ ಮತ್ತೆ ಬರುವುದಿಲ್ಲ.

ಕಪ್ಪುಕೋಟು
ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? 22,000 ಪೂರ್ತಿ ಹಿಡಿದಿಟ್ಟರೆ ಅವರು ನಾಳೆಯಿಂದ ಬರುವುದಿಲ್ಲ, ಸೂರು ಕೆತ್ತಿದ ಸ್ಥಿತಿಯಲ್ಲಿಯೇ ಉಳಿಯುತ್ತದೆ, ಮಳೆ ಬರುತ್ತದೆ. ಆಗ ಒಪ್ಪಂದ ಮುರಿದವರು ಯಾರು ಎಂಬ ಹೊಸ ವಾದ ಹುಟ್ಟುತ್ತದೆ.

ಹಾನಿಯ ಅಂದಾಜಿಗೆ ಸಮನಾದ ಮೊತ್ತವನ್ನು ಮಾತ್ರ ತಡೆಹಿಡಿಯಿರಿ. ಉಳಿದದ್ದನ್ನು ಕೆಲಸ ಮುಗಿದಂತೆ ಕೊಡಿ. "ವೀಣೆಯ ದುರಸ್ತಿ ವೆಚ್ಚ ತೀರ್ಮಾನವಾಗುವವರೆಗೆ ಇಷ್ಟು ತಡೆಹಿಡಿದಿದ್ದೇವೆ" ಎಂದು ಬರೆದು ತಿಳಿಸಿ. ಮಾತುಕತೆ ಮುರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಎರಡು ವರ್ಷದ ಅವಧಿ ಇದೆ, ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಆದರೆ ಅಲ್ಲಿಯೂ "ಪ್ಲಾಸ್ಟಿಕ್ ಹಾಸಿದವರು ಯಾರು" ಎಂಬ ಪ್ರಶ್ನೆ ಬರುತ್ತದೆ. ನಿಮ್ಮ ಪಾಲಿನದನ್ನು ಮೊದಲೇ ಒಪ್ಪಿಕೊಂಡು ಮಾತಿಗೆ ಕುಳಿತರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಪಡಸಾಲೆ
1974ರ ವೀಣೆಗೆ ಈಗ ಏನು ಬೆಲೆ ಕಟ್ಟುವುದು? ರಸೀದಿ ಇಲ್ಲ. ತಾತ ಕೊಡಿಸಿದ್ದು ಎಂಬುದಕ್ಕೆ ಅಮ್ಮನ ಮಾತಲ್ಲದೆ ಬೇರೆ ಸಾಕ್ಷಿ ಇಲ್ಲ.

ಕಪ್ಪುಕೋಟು
ಬೆಲೆ ಕಟ್ಟಬೇಡಿ. ಮೊದಲಿನ ಸ್ಥಿತಿಗೆ ತರಲು ಎಷ್ಟು ಬೇಕು ಎಂದಷ್ಟೇ ಕೇಳಿ. ಅಮ್ಮ ನುಡಿಸುತ್ತಿರುವ ಹಳೆಯ ಫೋಟೋ ಇದ್ದರೆ ಅದೇ ಸಾಕ್ಷಿ.

ತಂತಿನಾದ
ಹಲಸಿನ ಮರದ ವೀಣೆ ಹಳೆಯದಾದಷ್ಟೂ ನಾದ ಪಕ್ವವಾಗುತ್ತದೆ. ಆದ್ದರಿಂದ ಹೊಸದು ಕೊಡಿಸುತ್ತೇನೆ ಎಂದರೂ ಒಪ್ಪಬೇಡಿ. ಸೋರೆ ಬುರುಡೆಯ ಬಗ್ಗೆ ಹೆದರಬೇಡಿ, ಅದು ಮುಖ್ಯವಾಗಿ ಆಸರೆಗೆ ಇರುವುದು, ಬದಲಿಸಬಹುದು. ಮೆಟ್ಟಿಲು ಕಿತ್ತರೆ ಇಪ್ಪತ್ನಾಲ್ಕನ್ನೂ ತೆಗೆದು, ಹೊಸ ಮೇಣ ಹಾಕಿ, ಒಂದೊಂದನ್ನೂ ಸ್ವರ ನೋಡಿ ಕೂರಿಸುತ್ತಾರೆ. ಅದು ಕಿವಿಯ ಕೆಲಸ, ದಿನಗಟ್ಟಲೆ ಹಿಡಿಯುತ್ತದೆ. ಚಿಂತೆ ಇರುವುದು ಕೊಡದ ಬಿರುಕಿನದು. ಬಿರುಕು ಪಕ್ಕಕ್ಕಿದ್ದರೆ ಸರಿಹೋಗುತ್ತದೆ, ತಂತಿಗಳನ್ನು ಹೊರುವ ಕುದುರೆಯ ಕೆಳಗಿನ ಹಲಗೆಗೆ ತಲುಪಿದ್ದರೆ ಕಷ್ಟ. ಎಲ್ಲಿದೆ?

ಪಡಸಾಲೆ
ಪಕ್ಕದಲ್ಲಿ, ದಂಡಿಯ (ಮೆಟ್ಟಿಲಿರುವ ಉದ್ದನೆಯ ಭಾಗದ) ಕಡೆಗೆ. ಹಲಗೆಗೆ ತಲುಪಿಲ್ಲ.

ತಂತಿನಾದ
ಹಾಗಾದರೆ ಅಮ್ಮನಿಗೆ ಹೇಳಿ, ಅದು ಮತ್ತೆ ನುಡಿಯುತ್ತದೆ. ವೀಣೆ ಶೇಷಣ್ಣನವರ ಊರಿನಲ್ಲಿದ್ದೀರಿ, ಕೈ ಪಳಗಿದ ದುರಸ್ತಿಗಾರರು ಅಲ್ಲಿಯೇ ಸಿಗುತ್ತಾರೆ. ಅಮ್ಮನ ಗುರುಗಳ ಮನೆಯವರನ್ನು ಕೇಳಿ ನೋಡಿ.

ಹಂಚಿನಮನೆ
ವೀಣೆಗೆ ಮಲೆನಾಡಿನ ಹಲಸು ಒಳ್ಳೆಯದೋ ಬಯಲು ಸೀಮೆಯದೋ? ನಮ್ಮ ಅಂಗಳದಲ್ಲಿ ಎಂಬತ್ತು ವರ್ಷದ ಮರ ಇದೆ.

ತಂತಿನಾದ
ದಯವಿಟ್ಟು ಅದನ್ನು ಕಡಿಯಬೇಡಿ, ಹಣ್ಣು ತಿನ್ನಿ.

ಪಡಸಾಲೆ
ಐದು ದಿನದ ನಂತರ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ.

ದುರಸ್ತಿಗಾರರು ವೀಣೆಯನ್ನು ನೋಡಿ 14,500 ರೂಪಾಯಿಯ ಅಂದಾಜು ಬರೆದುಕೊಟ್ಟರು. ಬುರುಡೆ, ಬಿರುಕು, ಪೂರ್ತಿ ಮೇಣ, ತಂತಿ ಎಲ್ಲ ಸೇರಿ. ಗುತ್ತಿಗೆದಾರರನ್ನು ಭಾನುವಾರ ಮನೆಗೆ ಕರೆದೆವು. ಪ್ಲಾಸ್ಟಿಕ್ ಹಾಸಿದ್ದು ನಮ್ಮ ತಪ್ಪು ಎಂದು ನಾನೇ ಮೊದಲು ಹೇಳಿದೆ. ಏಣಿಯ ಕೆಳಗೆ ಗೋಣಿ ಹಾಕಬೇಕಿತ್ತು ಎಂದು ಅವರೂ ಒಪ್ಪಿದರು. "ಇರಲಿ ಬಿಡಿ" ಎಂದ ಮಾತನ್ನು ಮೊದಲು ನೆನಪಿಲ್ಲ ಎಂದರು. ಅಮ್ಮ ಅಡುಗೆಮನೆಯ ಬಾಗಿಲಿನಲ್ಲಿ ನಿಂತು "ನೀನು ಹೇಳಿದ್ದೆಯಪ್ಪ, ನಾನು ಆಗಲೇ ದಂಡಿಗೆ ಕೈ ಹಾಕಿದ್ದೆ" ಎಂದರು. ಆಮೇಲೆ ಅವರು ತುಂಬಾ ಹೊತ್ತು ಮಾತಾಡಲಿಲ್ಲ.

10,000 ಅವರು, 4,500 ನಾವು ಎಂದು ತೀರ್ಮಾನವಾಯಿತು. ಒಂದೇ ಸಲಕ್ಕೆ ಆಗದು ಎಂದಿದ್ದರಿಂದ ಬಾಕಿಯಲ್ಲಿ 6,000 ಮುರಿದುಕೊಂಡು, ಉಳಿದ 4,000ಕ್ಕೆ ತಾರಸಿಯ ನೀರಿನ ಟ್ಯಾಂಕಿನ ಕೆಳಗಿನ ಕಟ್ಟೆಯನ್ನು ಕಟ್ಟಿಕೊಡುತ್ತಾರೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದ್ದೇವೆ. ಹುಡುಗನ ಕೂಲಿ ಮುಟ್ಟುವುದಿಲ್ಲ ಎಂಬ ಸಾಲನ್ನು ಅಮ್ಮ ಸೇರಿಸಿದರು.

ನೇರನುಡಿ
4,500 ನೀವು ಕೊಟ್ಟದ್ದು ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ ಕೆಲಸ ನಿಲ್ಲಲಿಲ್ಲವಲ್ಲ, ಅದು ಒಳ್ಳೆಯದಾಯಿತು.

ಗಾರೆಕೈ
ಆ ಕಟ್ಟೆಯ ಮೇಲ್ಮೈಯನ್ನು ಮೋರಿಯ ಕಡೆಗೆ ಸ್ವಲ್ಪ ಇಳಿಜಾರು ಮಾಡಿಸಿ. ಮಟ್ಟವಾಗಿ ಮಾಡಿದರೆ ನೀರು ಅಲ್ಲಿಯೇ ನಿಂತು ಮತ್ತೆ ಸೋರುತ್ತದೆ.

ತಂತಿನಾದ
ವೀಣೆ ಯಾವಾಗ ಬರುತ್ತದೆ?

ಪಡಸಾಲೆ
ಮೂರು ವಾರ ಎಂದಿದ್ದಾರೆ. ಮೆಟ್ಟಿಲು ಕೂರಿಸುವ ದಿನ ಅಮ್ಮ ತಾವೂ ಬಂದು ಸ್ವರ ಕೇಳಬೇಕಂತೆ. ಈಗಲೇ ಆಟೋ ಗೊತ್ತುಮಾಡಿಕೊಂಡಿದ್ದಾರೆ.

ಶನಿವಾರಸಂತೆಯವಳು
ಹುಡುಗನಿಗೆ ಈ ಶನಿವಾರದ ಬಟವಾಡೆ ಪೂರ್ತಿ ಸಿಕ್ಕಿತೇ?

ಪಡಸಾಲೆ
ಸಿಕ್ಕಿತು ಅಕ್ಕ. ನಾನು ಅಲ್ಲಿಯೇ ಇದ್ದೆ. ಎಣಿಸಿಕೊಂಡು ಜೇಬಿಗೆ ಹಾಕಿಕೊಂಡ ಮೇಲೆ ಒಳಗೆ ಬಂದು, ದಿವಾನ ಖಾಲಿ ಇರುವುದನ್ನು ನೋಡಿ, ವೀಣೆ ಎಲ್ಲಿ ಎಂದು ಅಮ್ಮನನ್ನು ಕೇಳಿದ.